ಯೋಗಕ್ಕೆ ಫೀಸು ಇರಲಿ, ಮನುಷ್ಯತ್ವವೂ ಇರಲಿ

ನಾವು ಬ್ಯಾರಿಗಳು ವ್ಯಾಪಾರದವರು. ದುಡಿಮೆಗೆ ಬೆಲೆ ಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯೋಗ ಕಲಿಸುವವರಿಗೂ ಹೊಟ್ಟೆಯಿದೆ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾದಾಗ ಆಸರೆಯಾದವರು ನಾಲ್ವಡಿ ಕೃಷ್ಣರಾಜ ಒಡೆಯರು. ರಾಜರ ಕಾಲ ಮುಗಿಯಿತು, 1950ರಲ್ಲಿ ಶಾಲೆಯೂ ಮುಚ್ಚಿತು. ಈಗ ಮೈಸೂರಿನ ಗೋಕುಲಂಗೆ ವಿದೇಶಿಯರು ಬಂದು ಫೀಸು ಕೊಟ್ಟು ಕಲಿಯುತ್ತಾರೆ. ಇದ್ದವರು ಕೊಡಲಿ.

ಆದರೆ ಕರ್ನಾಟಕದ ಗಡಿಗೆ ತಾಗಿದ ದಾಮರಗಿದ್ದದಂತಹ ಕಡೆ, ಕೂಲಿ ಮಾಡಿ ಬೆನ್ನು ನೋಯಿಸಿಕೊಂಡವರು ಯಾರನ್ನು ಕೇಳಬೇಕು? ನನ್ನ ಉಪ್ಪ ಅಂಗಡಿಯಲ್ಲಿ ಕಾಸಿಲ್ಲದವರಿಗೂ ಅಕ್ಕಿ ಕೊಟ್ಟು, ಪುಸ್ತಕದಲ್ಲಿ ಬರೆದು, ಮಕ್ಕಳು ಹೇಗಿದ್ದಾರೆಂದು ವಿಚಾರಿಸುತ್ತಿದ್ದರು. ಅಂಗಡಿಯೇನೂ ಮುಳುಗಲಿಲ್ಲ. ಹತ್ತು ಜನರಿಂದ ಫೀಸು ಪಡೆಯುವ ಗುರುಗಳು ಇಬ್ಬರಿಗೆ ಹಾಗೆಯೇ ಕಲಿಸಲಿ. ಅವರ ನೋವನ್ನೂ ಕೂತು ಕೇಳಲಿ.