ಯಾರನ್ನು ಬೀಳಿಸಲು ಈ ಗುಂಡು?

ಪೊಲೀಸರ ಪಿಸ್ತೂಲಿಗೊಂದು ಗುಣ ಬೇಕಂತೆ. ‘ಸ್ಟಾಪಿಂಗ್ ಪವರ್’ ಅಂತಾರೆ. ಗುಂಡು ತಗುಲಿದವನು ನಿಂತಲ್ಲೇ ಕುಸಿಯಬೇಕು, ಆ ತಾಕತ್ತು. ಕೇಳೋಕೆ ಬರೀ ಯಂತ್ರದ ಲೆಕ್ಕ. ಯಾರ ಮೈ ಬೀಳುತ್ತಿಲ್ಲ ಅಂತ ಈ ಲೆಕ್ಕ ಶುರುವಾಯಿತು ಎಂದು ನಾವು ಕೇಳುತ್ತೇವೆ.

1890ರ ದಶಕದಲ್ಲಿ ವಾಯವ್ಯ ಗಡಿಯ ಬುಡಕಟ್ಟಿನವರು ಗುಂಡು ತಿಂದರೂ ಮುನ್ನುಗ್ಗುತ್ತಾರೆಂದು ಬ್ರಿಟಿಷ್ ಸೇನೆ ದೂರಿತು. ಕಲ್ಕತ್ತೆಯ ಪಕ್ಕದ ದಮ್‌ದಮ್‌ನಲ್ಲಿ, ಮೈಯೊಳಗೆ ಹೊಕ್ಕು ಅರಳುವ ಗುಂಡು ತಯಾರಾಯಿತು. 1899ರ ಹೇಗ್ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರತಿನಿಧಿ ಜಾನ್ ಆರ್ಡಾ ಅದರ ಪರ ವಾದಿಸಿದ: ನಾಗರಿಕ ಸೈನಿಕ ಗಾಯವಾದರೆ ಹಿಂದೆ ಸರಿಯುತ್ತಾನೆ, ಕಾಡುಮನುಷ್ಯ ಸರಿಯುವುದಿಲ್ಲ. ನಿಷೇಧವೇನೋ ಆಯಿತು, ಸಹಿ ಹಾಕಿದ ರಾಷ್ಟ್ರಗಳು ತಮ್ಮತಮ್ಮಲ್ಲಿ ಮಾಡುವ ಯುದ್ಧಕ್ಕೆ ಮಾತ್ರ. ಗುಲಾಮ ದೇಶದವನ ಮೈ ಆ ಕಾಗದದೊಳಗೆ ಬರಲಿಲ್ಲ.

ಅಮೆರಿಕ ಇದೇ ಮಾತನ್ನು ಫಿಲಿಪ್ಪೀನ್ಸಿನ ಮೋರೋ ಜನರ ಮೇಲೆ ಹೇಳಿತು. ಅವರನ್ನು ಬೀಳಿಸುವ ಪಿಸ್ತೂಲು ಬೇಕೆಂದು 1904ರಲ್ಲಿ ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳಿಗೂ, ಬೇರೆ ಕಡೆ ಮನುಷ್ಯರ ಹೆಣಗಳಿಗೂ ಗುಂಡು ಹೊಡೆದು ಪರೀಕ್ಷೆ ಮಾಡಿದರು. (ಸತ್ತ ದನ ಹೊತ್ತ ನಮಗೆ ಈ ವಿಜ್ಞಾನದ ವಾಸನೆ ಬೇಗ ಗೊತ್ತಾಗುತ್ತೆ.) 1914ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಬ್ಬ ಡಾಕ್ಟರು ಬರೆದ: ಕೊಕೇನ್ ಸೇವಿಸಿದ ನೀಗ್ರೋಗೆ ಸಣ್ಣ ಗುಂಡು ನಾಟುವುದಿಲ್ಲ, ಅದಕ್ಕೇ ದಕ್ಷಿಣದ ಪೊಲೀಸರು ದೊಡ್ಡ ಗುಂಡಿಗೆ ಬದಲಾಗುತ್ತಿದ್ದಾರೆ. ಗಡಿಯ ಪಠಾಣ, ಮೋರೋ, ನೀಗ್ರೋ. ಹೆಸರು ಬೇರೆ, ಕಥೆ ಒಂದೇ.

1974ರಲ್ಲಿ ಮೆಂಫಿಸ್ ನಗರದಲ್ಲಿ ಎಡ್ವರ್ಡ್ ಗಾರ್ನರ್ ಎಂಬ 15 ವರ್ಷದ ಕಪ್ಪು ಹುಡುಗ ಬೇಲಿ ಹತ್ತುತ್ತಿದ್ದ. ಕೈಯಲ್ಲಿ ಆಯುಧ ಕಾಣಲಿಲ್ಲವೆಂದು ಪೇದೆಯೇ ಒಪ್ಪಿಕೊಂಡ. ಆದರೂ ತಲೆಯ ಹಿಂಬದಿಗೆ ಹೊಡೆದ, ಅದೇ ಅರಳುವ ಜಾತಿಯ ಗುಂಡು. ಸಿಕ್ಕ ಕಳವಿನ ಮಾಲು ಒಂದು ಪರ್ಸು, 10 ಡಾಲರು. ಹೊಡೆದ ಪೇದೆಯೂ ಕಪ್ಪು ಮನುಷ್ಯನೇ. ಖಾಕಿ ತೊಟ್ಟ ನಮ್ಮ ಕೇರಿಯ ಅಣ್ಣಂದಿರೇ, ಇದನ್ನು ನಿಧಾನವಾಗಿ ಓದಿ. ಓಡುವ ನಿರಾಯುಧನನ್ನು, ಅವನಿಂದ ಅಪಾಯ ಇಲ್ಲದಿದ್ದರೆ, ಕೊಲ್ಲುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ. ಹನ್ನೊಂದು ವರ್ಷ ಬೇಕಾಯಿತು ಸ್ವಾಮಿ!

ತಮಾಷೆ ನೋಡಿ. 1989ರಲ್ಲಿ ಎಫ್‌ಬಿಐ ತರಬೇತಿ ವಿಭಾಗವೇ ಬರೆಯಿತು: ಪಿಸ್ತೂಲಿನ ಗುಂಡಿಗೆ ಮನುಷ್ಯನನ್ನು ಉರುಳಿಸುವ ಶಕ್ತಿಯೇ ಇಲ್ಲ. ಮಿದುಳಿಗೋ ಮೇಲಿನ ಬೆನ್ನುಹುರಿಗೋ ಬಿದ್ದರೆ ಮಾತ್ರ ತಕ್ಷಣದ ಕುಸಿತ ಖಾತ್ರಿ. ಹೃದಯ ಛಿದ್ರವಾದರೂ 10–15 ಸೆಕೆಂಡು ಕೈಕಾಲು ಆಡಬಲ್ಲವು. ಯಾರ ಕೈಕಾಲು? ಎಲ್ಲರದೂ! ಸಾಹೇಬನದೂ, ಜೀತದವನದೂ. ಬೀಳದ ಮೈಯ ಕಾಡುಮನುಷ್ಯ ಎಲ್ಲೂ ಇರಲಿಲ್ಲ.

ಇದನ್ನು ತಿಳಿದ ಮೇಲೆ ಪೊಲೀಸರು ಪಿಸ್ತೂಲು ಕೆಳಗಿಟ್ಟರೇ? ಬೀಳುವತನಕ ಹೊಡೆ ಎಂಬ ಪಾಠ ಕಲಿತರು. 1999ರಲ್ಲಿ ನ್ಯೂಯಾರ್ಕಿನಲ್ಲಿ, ಗಿನಿ ದೇಶದಿಂದ ಬಂದಿದ್ದ ಅಮಡೂ ಡಿಯಾಲೋ ತನ್ನ ಮನೆಬಾಗಿಲಲ್ಲಿ ನಿಂತು ಪರ್ಸು ತೆಗೆದ. ನಾಲ್ವರು ಪೊಲೀಸರು, 41 ಗುಂಡು. 2000ದಲ್ಲಿ ನಾಲ್ವರೂ ಖುಲಾಸೆ.

ನಮ್ಮ ಪತ್ರಿಕೆಗಳಲ್ಲಿ ಬರುವುದು ‘ಆರೋಪಿ ಕಾಲಿಗೆ ಗುಂಡು’. ಕಾಲು ತಾನೇ, ಪಾಪ, ಅನ್ನಿಸುವಂತೆ ಬರೀತಾರೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಎನ್‌ಕೌಂಟರ್ ಸಾವಿಗೆ ಎಫ್‌ಐಆರ್, ಬೇರೆ ತಂಡದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕೆಂದು 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ತಮ್ಮಂದಿರೇ, ಮುಂದಿನ ಸಲ ಅಂಥ ಸುದ್ದಿ ಬಂದಾಗ ಠಾಣೆಗೆ ಹೋಗಿ ಕೇಳೋಣ: ಎಷ್ಟು ಗುಂಡು? ಎಷ್ಟು ದೂರದಿಂದ? ಎದೆ ಕಡೆಯಿಂದಲೋ, ಬೆನ್ನ ಕಡೆಯಿಂದಲೋ?