ಎಳೆಯರ ಕೈಗೆ ಬಂದ ಅಂತರ್ಜಾಲ

2020ರಲ್ಲಿ ಮಹಾಮಾರಿಯ ದೆಸೆಯಿಂದ ಪಾಠಶಾಲೆಗಳ ಬಾಗಿಲು ಮುಚ್ಚಿದಾಗ ಅನಿವಾರ್ಯವಾಗಿ ಎಳೆಯರ ಕೈಸೇರಿದ ಮೊಬೈಲು, ಶಾಲೆಗಳು ಮರಳಿ ತೆರೆದ ಮೇಲೂ ಆ ಕೈಗಳನ್ನು ಬಿಟ್ಟು ತೊಲಗಲಿಲ್ಲವೆಂಬುದು ಅನೇಕ ಗೃಹಸ್ಥರ ಅನುಭವವಾಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಗಣಿಸಿ, ಅವರ ವಿವರಗಳನ್ನು ಬಳಸುವ ಮುನ್ನ ತಾಯಿತಂದೆಯರ ಸಮ್ಮತಿಯನ್ನು ಪಡೆಯತಕ್ಕದ್ದೆಂದೂ, ಅವರ ನಡವಳಿಕೆಯ ಜಾಡು ಹಿಡಿದು ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಕೂಡದೆಂದೂ ವಿಧಿಸಿರುವುದು ಶ್ಲಾಘ್ಯವೇ ಸರಿ. ಆದರೆ ತಂದೆಯ ಫೋನಿನಲ್ಲಿ, ತಂದೆಯದೇ ಖಾತೆಯಲ್ಲಿ ಆಟವಾಡುವ ಮೂರನೆಯ ತರಗತಿಯ ಬಾಲಕನು ಆ ಯಂತ್ರದ ದೃಷ್ಟಿಯಲ್ಲಿ ಬಾಲಕನೇ ಅಲ್ಲ, ಪ್ರಾಪ್ತವಯಸ್ಕನಾದ ಗ್ರಾಹಕನು. ಶಾಸನದ ರಕ್ಷೆ ಅವನನ್ನು ಮುಟ್ಟುವುದಾದರೂ ಎಂತು?

ಊರು, ಶಾಲೆ, ಮನೆಯ ವಿಳಾಸ, ಓಟಿಪಿ ಇವನ್ನು ಅಪರಿಚಿತರಿಗೆ ತಿಳಿಸಬಾರದೆಂಬ ಪಾಠವನ್ನು ಮಗು ಬೇಗನೆ ಕಲಿಯಬಲ್ಲುದು. (ಮಕ್ಕಳ ಭಾವಚಿತ್ರಗಳನ್ನು ಹೆಸರುಸಹಿತ ಫೇಸ್‌ಬುಕ್ಕಿಗೇರಿಸುವ ಹಿರಿಯರೂ ಅದೇ ಬೆಂಚಿನಲ್ಲಿ ಕುಳಿತು ಕಲಿತರೆ ಒಳ್ಳೆಯದು.) ಕಠಿಣವಾದುದು ಬೇರೆಯದು: ಆಟದ ನಡುವೆ ಸ್ನೇಹಿತನಂತೆ ಮಾತಿಗಿಳಿದ ಅಜ್ಞಾತನೊಬ್ಬನು 'ಮನೆಯಲ್ಲಿ ಹೇಳಬೇಡ' ಎಂದಾಗ, ಹೇಳಿದರೆ ಬೈಗುಳವೂ ಮೊಬೈಲಿನ ಜಪ್ತಿಯೂ ತಪ್ಪದೆಂಬ ಭಯದಿಂದ ಮಗು ಮೌನವಹಿಸುವುದು. ಈ ಭಯವನ್ನು ಬಿತ್ತಿದವರು ನಾವೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಮಗು ಹೇಳಿದೊಡನೆ ದಂಡಿಸದೆ ಆಲಿಸಿ, ಸಂದೇಶಗಳನ್ನು ಅಳಿಸದೆ ಕಾದಿರಿಸಿ, ಮಕ್ಕಳ ಸಹಾಯವಾಣಿಯಾದ 1098ಕ್ಕೂ, ಹಣ ಅಪಹೃತವಾಗಿದ್ದಲ್ಲಿ ವಿಳಂಬವಿಲ್ಲದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೂ ಕರೆಮಾಡತಕ್ಕದ್ದು. ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ ಬರೆಸಲು ಶಿಕ್ಷಣ ಇಲಾಖೆಗೆ ಹೆಚ್ಚಿನ ಅನುದಾನವೇನೂ ಬೇಕಾಗದು.