ಮಂಡಿಯ ಮೇಲೆ ಹೊರಿಸಿದ ತಪ್ಪು

ಚೆಂಡೆಸೆದು ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಕೆಲಸಕ್ಕೆ ಬಾರದ ಆಟಗಾರ ಎಂದು ಷರಾ ಬರೆಯಲು ಅಮೆರಿಕನ್ ಫುಟ್‌ಬಾಲ್ ಪಂಡಿತರಿಗೆ ಹತ್ತೇ ಪಂದ್ಯ ಸಾಕಾಯಿತು. ಮೈ ಗಟ್ಟಿಯಿಲ್ಲ, ಎಸೆತದಲ್ಲಿ ಹಿಡಿತವಿಲ್ಲ, ಮಿನ್ನೆಸೋಟ ವೈಕಿಂಗ್ಸ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ತನ್ನ ಮೊದಲ ಸುತ್ತಿನ ಆಯ್ಕೆಯನ್ನು ನೀರುಪಾಲು ಮಾಡಿಕೊಂಡಿತು ಎಂಬ ಮಾತು ಎಲ್ಲೆಡೆ ಕೇಳುತ್ತಿದೆ. ಈ ತೀರ್ಪು ಅನ್ಯಾಯದ್ದು. ಹುಡುಗ ಎಡವಿದ್ದು ನಿಜ. ಎಡವುವಂಥ ಜಾಗದಲ್ಲೇ ತಂದು ನಿಲ್ಲಿಸಿದವರನ್ನು ಯಾರೂ ಕೇಳುತ್ತಿಲ್ಲ.

2024ರ ಆಗಸ್ಟ್ 10ರಂದು, ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯದಲ್ಲಿ, ಮೆಕಾರ್ಥಿ ಲಾಸ್ ವೇಗಸ್ ರೈಡರ್ಸ್ ವಿರುದ್ಧ 17 ಎಸೆತಗಳಲ್ಲಿ 11ನ್ನು ಗುರಿ ಮುಟ್ಟಿಸಿದರು, ಎರಡು ಟಚ್‌ಡೌನ್ ಗಳಿಸಿಕೊಟ್ಟರು. ಆಗ ವಯಸ್ಸು 21. ಅದೇ ವರ್ಷದ ಜನವರಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದುಕೊಟ್ಟು ಬಂದವರು. ಪಂದ್ಯ ಮುಗಿದ ಮೇಲೆ ಬಲಮಂಡಿ ನೋಯುತ್ತಿದೆ ಎಂದರು. ಒಳಗೆ ಮೆನಿಸ್ಕಸ್ ಎಂಬ ಮೃದ್ವಸ್ಥಿ ಹರಿದಿತ್ತು. ಹರಿದ ಚೂರನ್ನು ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮೈದಾನಕ್ಕಿಳಿಯಬಹುದು. ಹೊಲಿದು ಕೂಡಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ಆದರೆ ಮಂಡಿ ಬಹುಕಾಲ ಬಾಳುತ್ತದೆ. ಹೊಲಿದರು. ಇಡೀ ಸೀಸನ್ ಹೋಯಿತು. ಸರಿಯಾದ ನಿರ್ಧಾರವೇ ಅದು. ಆ ಹುಡುಗನ ವಿಷಯದಲ್ಲಿ ಕ್ಲಬ್ ಮುಂದಾಲೋಚಿಸಿ ಮಾಡಿದ ಕೊನೆಯ ಕೆಲಸವೂ ಅದೇ.

ಆ ವರ್ಷ ಮೆಕಾರ್ಥಿಯ ಜಾಗದಲ್ಲಿ ಆಡಿದ ಸ್ಯಾಮ್ ಡಾರ್ನಾಲ್ಡ್ ತಂಡವನ್ನು 14 ಪಂದ್ಯ ಗೆಲ್ಲಿಸಿದರು. ಕೊನೆಯ ಲೀಗ್ ಪಂದ್ಯದಲ್ಲೂ ಪ್ಲೇಆಫ್‌ನಲ್ಲೂ ಸೋತದ್ದೇ ನೆಪವಾಯಿತು. 2025ರ ಮಾರ್ಚ್‌ನಲ್ಲಿ ಅವರು ಸಿಯಾಟಲ್ ಸೀಹಾಕ್ಸ್‌ಗೆ ಹೊರಟಾಗ ವೈಕಿಂಗ್ಸ್ ತಡೆಯಲಿಲ್ಲ. ಮರುವರ್ಷ ಅದೇ ಡಾರ್ನಾಲ್ಡ್ ಸಿಯಾಟಲ್ ಪರ ಸೂಪರ್ ಬೌಲ್ ಗೆದ್ದರು.

ತಡೆಯದಿದ್ದುದಕ್ಕೆ ಕಾರಣ ದುಡ್ಡಿನ ಲೆಕ್ಕ. ಮೊದಲ ಸುತ್ತಿನಲ್ಲಿ ಬಂದ ಹೊಸಬರ ಒಪ್ಪಂದ ನಾಲ್ಕು ವರ್ಷದ್ದು. ಮೆಕಾರ್ಥಿಗೆ ಅಷ್ಟಕ್ಕೂ ಸೇರಿ ಸುಮಾರು 2.2 ಕೋಟಿ ಡಾಲರ್. ಡಾರ್ನಾಲ್ಡ್‌ಗೆ ಸಿಯಾಟಲ್ ಮೂರೇ ವರ್ಷಕ್ಕೆ 10 ಕೋಟಿ ಡಾಲರ್ ಮೇಲೆ ಒಪ್ಪಿಕೊಂಡಿತು. ಕ್ವಾರ್ಟರ್‌ಬ್ಯಾಕ್ ಅಗ್ಗವಾಗಿ ಸಿಕ್ಕಿರುವಾಗ ಉಳಿದ ಹಣದಲ್ಲಿ ಬೇರೆ ಜಾಗಗಳಿಗೆ ದುಬಾರಿ ಆಟಗಾರರನ್ನು ತರಬಹುದು. ತಂದರು ಕೂಡ. ಅಗ್ಗದ ನಾಲ್ಕು ವರ್ಷಗಳಲ್ಲಿ ಒಂದು ಆಗಲೇ ಆಸ್ಪತ್ರೆಯ ಪಾಲಾಗಿತ್ತು. ಇನ್ನೊಂದನ್ನು ಬಿಟ್ಟುಕೊಡಲು ಆಡಳಿತಕ್ಕೆ ಮನಸ್ಸಾಗಲಿಲ್ಲ.

ಮೆಕಾರ್ಥಿ ಒಂದು ವರ್ಷ ಆಡದೆ ಕೂತು ಕಲಿತಿದ್ದಾರಲ್ಲ ಎನ್ನುವವರಿದ್ದಾರೆ. ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾದ ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಕೂತಿದ್ದರು, ಆರನ್ ರಾಜರ್ಸ್ ಮೂರು ವರ್ಷ ಕೂತಿದ್ದರು ಎಂಬ ಉದಾಹರಣೆ ಕೊಡುತ್ತಾರೆ. ಅವರು ಕೂತದ್ದು ಬಹುಪಾಲು ಗಟ್ಟಿ ಕಾಲಿನ ಮೇಲೆ. ವಾರವಿಡೀ ಅಭ್ಯಾಸದಲ್ಲಿ ಚೆಂಡೆಸೆದು, ಮೈಮೇಲೆ ನುಗ್ಗಿ ಬರುವವರ ನಡುವೆ ಕಣ್ಣು ಪಳಗಿಸಿಕೊಂಡರು. ಮೆಕಾರ್ಥಿಗೆ ಸಿಕ್ಕಿದ್ದು ವಿಡಿಯೊ, ಸಭೆ, ಊರುಗೋಲು. ಅದನ್ನು ತಾಲೀಮಿನ ವರ್ಷ ಎಂದು ಲೆಕ್ಕಕ್ಕೆ ಬರೆದುಕೊಂಡದ್ದೇ ದೊಡ್ಡ ತಪ್ಪು.

2025ರ ಮೊದಲ ಪಂದ್ಯದಲ್ಲಿ ಶಿಕಾಗೋದಲ್ಲಿ, ಕೊನೆಯ ಕ್ವಾರ್ಟರ್‌ನಲ್ಲಿ 11 ಅಂಕ ಹಿಂದಿದ್ದ ತಂಡವನ್ನು ಅವರು ಗೆಲ್ಲಿಸಿದರು. ಮರುವಾರವೇ ಪಾದದ ಕೀಲು ಉಳುಕಿತು. ಆಮೇಲೆ ತಲೆಗೆ ಪೆಟ್ಟು, ಕೈಮೂಳೆ ಬಿರುಕು. ಆಡಿದ್ದು 10 ಪಂದ್ಯ, ಗೆದ್ದದ್ದು ಆರು, 11 ಟಚ್‌ಡೌನ್‌ಗೆ 12 ಎಸೆತ ಎದುರಾಳಿಗಳ ಕೈಸೇರಿದವು. ಬದಲಿಗೆ ಇದ್ದವರು ಕಾರ್ಸನ್ ವೆಂಟ್ಜ್. ಆಗಸ್ಟ್ ಕೊನೆಯಲ್ಲಿ ತರಾತುರಿಯಲ್ಲಿ ಕರೆತಂದವರು. ಅಕ್ಟೋಬರ್‌ನಲ್ಲಿ ಚಾರ್ಜರ್ಸ್ ವಿರುದ್ಧ ಎಡಭುಜಕ್ಕೆ ಪಟ್ಟಿ ಕಟ್ಟಿಕೊಂಡು, ಬಿದ್ದಾಗಲೆಲ್ಲ ಮುಖ ಕಿವುಚುತ್ತ ಆಡಿದರು. ನೋಡಲಾಗಲಿಲ್ಲ. ಅದಾದ ಮೇಲೆ ಅವರಿಗೂ ಶಸ್ತ್ರಚಿಕಿತ್ಸೆ. ಇಂಥ ತಂಡದಲ್ಲಿ ಮೆಕಾರ್ಥಿಯೊಬ್ಬರ ಮೈಯನ್ನೇ ದೂರುವುದು ಯಾವ ನ್ಯಾಯ?

ಯುವ ಕ್ವಾರ್ಟರ್‌ಬ್ಯಾಕ್‌ಗಳು ಸಂಸ್ಥೆಗಳನ್ನು ಸೋಲಿಸುವ ಮುನ್ನ ಸಂಸ್ಥೆಗಳೇ ಅವರನ್ನು ಸೋಲಿಸುತ್ತವೆ ಎಂದು ಹೇಳಿದವರು ಇದೇ ತಂಡದ ಕೋಚ್ ಕೆವಿನ್ ಓಕಾನಲ್. ಡಾರ್ನಾಲ್ಡ್ ವಿಷಯದಲ್ಲಿ ಆ ಮಾತನ್ನು ನಡೆಸಿ ತೋರಿಸಿದರು. ಮೆಕಾರ್ಥಿಯ ಪಾಲಿಗೂ ಅದು ನಡೆಯಬೇಕು. ನಾಲ್ಕು ವರ್ಷದ ಒಪ್ಪಂದವನ್ನು ಐದನೇ ವರ್ಷಕ್ಕೆ ವಿಸ್ತರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಕ್ಲಬ್‌ಗೆ 2027ರ ವಸಂತದವರೆಗೆ ಸಮಯವಿದೆ. ಅಲ್ಲಿಯವರೆಗೆ ನುರಿತ ಕ್ವಾರ್ಟರ್‌ಬ್ಯಾಕ್ ಒಬ್ಬರು ತಂಡದಲ್ಲಿರಲಿ, ಇಬ್ಬರೂ ಶಿಬಿರದಲ್ಲಿ ಜಾಗಕ್ಕಾಗಿ ಸೆಣಸಲಿ. ಮೆಕಾರ್ಥಿ ಹಿಂದೆ ಬಿದ್ದರೆ, ಒಪ್ಪಂದದ ವರ್ಷ ಕರಗುತ್ತಿದೆ ಎಂದು ಗಾಬರಿಯಾಗದೆ, ಗುಣವಾದ ಕಾಲಿನಲ್ಲಿ ಒಂದು ಸೀಸನ್ ಪೂರ್ತಿ ಅಭ್ಯಾಸ ಮಾಡಲು ಬಿಡಲಿ. 2024ರಲ್ಲಿ ಅವರಿಗೆ ಸಿಗಬೇಕಿದ್ದದ್ದು ಅದೇ.